ಚೀಲ ಎಲ್ಲಿ ನಿಂತಿದೆ?

ಸರಟೋಗಾದಲ್ಲಿ ನಾವು ಮನೆ ಮಾಡಿ ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು. ಗಂಡ ಹೆಂಡತಿ ಇಬ್ಬರೂ ಅನ್ನ ತಿಂದದ್ದು ಕಂಪ್ಯೂಟರ್ ನಂಬಿಕೊಂಡೇ. ಆದರೆ ದೀಪದ ಕೆಳಗೆ ಕತ್ತಲೆ ಎನ್ನುವ ಮಾತು ಸುಳ್ಳಲ್ಲ. ನಮ್ಮ ಮನೆಯ ಕತ್ತಲೆ ಹೋದ ಡಿಸೆಂಬರಿನ ಒಂದು ರಾತ್ರಿ ಬಯಲಾದ ಕಥೆಯನ್ನು, ನಗುವವರು ನಗಲಿ ಎಂದು, ಇಲ್ಲಿ ಹೇಳಿಕೊಳ್ಳುತ್ತಿದ್ದೇವೆ.

ಮೈಸೂರಿನಲ್ಲಿರುವ ಅಪ್ಪನಿಗೆ ಎಂಬತ್ತೆಂಟು. ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕು. ಅಮ್ಮ 2011ರಲ್ಲಿ ತೀರಿಕೊಂಡರು. "ಅವಳ ಧ್ವನಿ ಇರೋ ಟೇಪು ನಿಮ್ಮ ಹತ್ರ ಇರಬೇಕಲ್ಲ, ಬರುವಾಗ ತನ್ನಿ" ಎಂದು ಅಪ್ಪ ಫೋನಿನಲ್ಲಿ ಒಂದೇ ಸಲ ಹೇಳಿದ್ದು. ಕೇಳಿಕೊಳ್ಳುವ ಜಾಯಮಾನ ಅವರದಲ್ಲ. ಹಾಗಾಗಿ ಆ ಒಂದು ಸಲವೇ ನಮಗೆ ನೂರು ಸಲದಂತೆ ಕೇಳಿಸಿತು.

ಅಮ್ಮ ಅಪ್ಪ ಇಲ್ಲಿಗೆ ಬಂದದ್ದು 1999 ಮತ್ತು 2003ರಲ್ಲಿ. ಆಗ ತೆಗೆದ ಮಿನಿ ಡಿವಿ ಟೇಪುಗಳು ನಲವತ್ತೈದು, ಎಲ್ಲವೂ ಷೂ ಡಬ್ಬಿಯಲ್ಲಿದ್ದವು. ಟೇಪನ್ನು ಕಂಪ್ಯೂಟರಿಗೆ ಇಳಿಸಲು ಫೈರ್‌ವೈರ್ ಕಿಂಡಿ ಬೇಕು. ಅದು ಇದ್ದದ್ದು ಹಿಂದಿನ ಕೋಣೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು, ಜಾಗ ಸುಮಾರು 13 ಗಿಗಾಬೈಟ್. ಮೂರು ವಾರ ಸಂಜೆ ಸಂಜೆ ಕುಳಿತು ಎಲ್ಲವನ್ನೂ ಇಳಿಸಿದೆವು. ಒಟ್ಟು 585 ಗಿಗಾಬೈಟ್. ಇನ್ನು ಅದನ್ನು ಮುಂದಿನ ಕೋಣೆಯ ಹೊಸ ಕಂಪ್ಯೂಟರಿಗೆ ಸಾಗಿಸಿ, ಟಿವಿಯಲ್ಲಿ ಓಡುವಂತೆ ಸಣ್ಣದು ಮಾಡಿ, ಪೆನ್ ಡ್ರೈವಿಗೆ ಹಾಕುವುದಷ್ಟೇ ಬಾಕಿ. ಸಣ್ಣದು ಮಾಡಲು ಒಂದು ಪೂರ್ತಿ ದಿನ ಬೇಕು. ವಿಮಾನ ಶನಿವಾರ ಬೆಳಿಗ್ಗೆ. ಸಾಗಣೆ ಶುರು ಮಾಡಿದ್ದು ಗುರುವಾರ ರಾತ್ರಿ ಎಂಟಕ್ಕೆ!

ಪರದೆಯ ಮೇಲೆ "ಇನ್ನು 41 ಗಂಟೆ" ಎಂದು ಬಂತು. ಲ್ಯಾಪ್‌ಟಾಪು ವೈ-ಫೈನಲ್ಲಿತ್ತು. ನಡುವೆ ಮೂರು ಗೋಡೆ, ಅಡಿಗೆಮನೆಯ ಫ್ರಿಜ್ಜು. ವೇಗ ಸೆಕೆಂಡಿಗೆ 4 ಮೆಗಾಬೈಟ್. ವೈ-ಫೈ ಎಂದರೆ ಒಂದೇ ಓಣಿ, ಮನೆಯ ಎಲ್ಲ ಯಂತ್ರಗಳೂ ಸರದಿಯ ಮೇಲೆ ಹೋಗಬೇಕು. ಕಳಿಸುವ ಯಂತ್ರ, ಪಡೆಯುವ ಯಂತ್ರ ಎರಡೂ ವೈ-ಫೈನಲ್ಲಿದ್ದರಂತೂ ಒಂದೇ ಫೈಲು ಗಾಳಿಯಲ್ಲಿ ಎರಡು ಸಲ ಪ್ರಯಾಣ ಮಾಡುತ್ತದೆ.

ಗೋಡೆಯೊಳಗಿನ ಕೇಬಲ್ ನೆನಪಾಗಿ ಅದಕ್ಕೆ ಚುಚ್ಚಿದೆವು. ವೇಗ 11ಕ್ಕೆ ಏರಿತು, ಅಲ್ಲಿಗೇ ನಿಂತಿತು. 15 ಗಂಟೆ! ನಮ್ಮಲ್ಲಿರುವುದು ಗಿಗಾಬಿಟ್ ಜಾಲ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಆದ್ದರಿಂದ ಸೆಕೆಂಡಿಗೆ 110 ಮೆಗಾಬೈಟ್‌ನ ಹತ್ತಿರ ಬರಬೇಕು. ರೌಟರನ್ನು ಆರಿಸಿ ಹಚ್ಚಿದೆವು, ತಂತ್ರಾಂಶದ ಸೆಟ್ಟಿಂಗುಗಳನ್ನು ಕೆದಕಿದೆವು, ತಪ್ಪು ಯಾರದೆಂದು ಒಬ್ಬರನ್ನೊಬ್ಬರು ಕೇಳಿಕೊಂಡೆವು. ಈಥರ್ನೆಟ್ ಹುಟ್ಟಿದ್ದು ಇಲ್ಲೇ ಪಕ್ಕದ ಪಾಲೋ ಆಲ್ಟೋದ ಜೆರಾಕ್ಸ್ ಪಾರ್ಕ್‌ನಲ್ಲಿ, 1973ರಲ್ಲಿ. ಅದನ್ನು ಕಟ್ಟಿದ ಬಾಬ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ನಮ್ಮ ಆ ರಾತ್ರಿಯ ಅವಸ್ಥೆ ನೋಡಿದ್ದರೆ ಏನೆನ್ನುತ್ತಿದ್ದರೋ!

ಆಗ ಅಪ್ಪನ ಫೋನು. ಮೈಸೂರಿನಲ್ಲಿ ಶುಕ್ರವಾರ ಬೆಳಿಗ್ಗೆ ಹನ್ನೊಂದು ದಾಟಿತ್ತು. ಟೇಪು ತರುವುದು ಅನುಮಾನ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆವು. ಅಪ್ಪ ರೈಲ್ವೆ ಅಂಚೆ ಸೇವೆಯಲ್ಲಿ ಮೂವತ್ತನಾಲ್ಕು ವರ್ಷ, ಓಡುವ ರೈಲಿನಲ್ಲಿ ಕಾಗದ ವಿಂಗಡಿಸಿದವರು. ಸುಮ್ಮನೆ ಕೇಳಿಸಿಕೊಂಡು ಹೇಳಿದರು:

"ರೈಲು ಎಷ್ಟೇ ಜೋರಾಗಿ ಓಡಲಿ, ಚೀಲ ಯಾವುದೋ ಒಂದು ಸ್ಟೇಷನ್ನಿನಲ್ಲಿ ಕೂತರೆ ಕಾಗದ ಕೂತ ಹಾಗೇ. ಚೀಲ ಎಲ್ಲಿ ನಿಂತಿದೆ ಅಂತ ಮೊದಲು ನೋಡಿ. ಅದಿರಲಿ, ಆ ಪೆಟ್ಟಿಗೆ ಎತ್ತೋಕಾಗದಷ್ಟು ಭಾರವೇ? ಅದನ್ನೇ ಇದರ ಪಕ್ಕಕ್ಕೆ ತಂದು ಇಡಬಾರದೇ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ರಜೆಗೆ ಬಂದಿದ್ದ ಮಗಳು ಮಾತಿಲ್ಲದೆ ಎದ್ದು ಹೋಗಿ, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ರೌಟರಿನ ಪಕ್ಕದಲ್ಲಿಟ್ಟು ಮೂರಡಿಯ ಹೊಸ ಕೇಬಲ್ ಚುಚ್ಚಿದಳು. ವೇಗ 80! ಅದಕ್ಕಿಂತ ಮೇಲೆ ಹೋಗಲಿಲ್ಲ, ಏಕೆಂದರೆ ಹಳೆಯ ಡಿಸ್ಕ್ ಓದುವ ವೇಗವೇ ಅಷ್ಟು. ಈಗ ಚೀಲ ನಿಂತಿದ್ದದ್ದು ಅಲ್ಲಿ, ಆದರೆ ಅಷ್ಟು ನಮಗೆ ಸಾಕಾಗಿತ್ತು. ಎರಡು ಗಂಟೆಯಲ್ಲಿ ಎಲ್ಲವೂ ಬಂತು. ಜೊತೆಗಿದ್ದ ಸಾವಿರಾರು ಸಣ್ಣ ಫೋಟೋಗಳು ಮಾತ್ರ ಕುಂಟಿದವು. ಪ್ರತಿ ಫೈಲಿಗೂ ಬಾಗಿಲು ತೆಗೆದು ಹಾಕುವ ಶಾಸ್ತ್ರವಿದೆಯಲ್ಲ! ಎಲ್ಲವನ್ನೂ ಒಂದೇ ಜಿಪ್ ಗಂಟು ಕಟ್ಟಿ ಕಳಿಸಿದ ಮೇಲೆ ಅವೂ ಸರಾಗವಾಗಿ ಹೋದವು.

ಊರಿನಿಂದ ಹಿಂದಿರುಗಿದ ಮೇಲೆ ಮನೆಯಡಿ ತೆವಳಿ ನೋಡಿದರೆ, ಕೇಬಲ್ಲಿನ ಒಂದು ಕಡೆ ಇಲಿ ಹಲ್ಲಿನ ಗುರುತು. ಕೇಬಲ್ಲಿನಲ್ಲಿ ಎಂಟು ತಂತಿ, ಅಂದರೆ ನಾಲ್ಕು ಜೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡೇ ಸಾಕು. ಒಂದು ಜೋಡಿ ಕೆಟ್ಟರೆ ಅನೇಕ ಯಂತ್ರಗಳು ದೂರು ಕೊಡದೆ 100ಕ್ಕೆ ಇಳಿದು ಕೆಲಸ ಸಾಗಿಸುತ್ತವೆ. ವಿನಾಯಕನ ವಾಹನ ಎಷ್ಟು ವರ್ಷದ ಹಿಂದೆ ಕಡಿದಿತ್ತೋ, ನಾವು ಕೇಳಿರಲೇ ಇಲ್ಲ. ನಿಮ್ಮ ಮನೆಯಲ್ಲೂ ವೇಗ 11ರ ಆಸುಪಾಸಿನಲ್ಲೇ ನಿಲ್ಲುತ್ತಿದ್ದರೆ, ಬೇರೇನೂ ಕೊಳ್ಳುವ ಮೊದಲು ಕೇಬಲ್ ಬದಲಿಸಿ ನೋಡಿ.

ಮೈಸೂರಿನಲ್ಲಿ ಟಿವಿಗೆ ಪೆನ್ ಡ್ರೈವ್ ಹಾಕಿದೆವು. 2003, ಇಲ್ಲಿನ ಹಕೋನೆ ತೋಟ. ಕೊಳದ ಬಳಿ ಅಮ್ಮ ಫ್ಲಾಸ್ಕ್ ಬಿಚ್ಚುತ್ತಾ, "ಸಾಕು, ಅದನ್ನ ಅತ್ಲಾಗಿಡಿ, ಕಾಫಿ ಆರೋಗುತ್ತೆ" ಎಂದು ನಮ್ಮನ್ನು ಗದರಿದರು. ಅಪ್ಪ ಟಿವಿಯ ಕಡೆಗೆ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು, "ಇನ್ನೊಂದು ಸಲ ಹಾಕಿ" ಎಂದರು. ಆ ಸಂಜೆ ಎಷ್ಟು ಸಲ ಹಾಕಿದೆವೋ ಲೆಕ್ಕವಿಲ್ಲ.

ನಲವತ್ತೈದರಲ್ಲಿ ನಾಲ್ಕು ಟೇಪು ಹಾಳಾಗಿ ಬರೀ ಚುಕ್ಕಿ ತೋರಿಸಿದವು. ಐದು ವರ್ಷ ಮೊದಲೇ ಕೂತಿದ್ದರೆ ಅವೂ ಸಿಗುತ್ತಿದ್ದವೇನೋ. ಆ ಚೀಲವನ್ನು ಷೂ ಡಬ್ಬಿಯಲ್ಲಿ ನಿಲ್ಲಿಸಿದ್ದವರು ನಾವೇ. ನಿಮ್ಮ ಮನೆಯ ಅಟ್ಟದಲ್ಲೂ ಅಂಥ ಡಬ್ಬಿ ಇದ್ದರೆ ಈ ವಾರವೇ ಇಳಿಸಿ. ಹಳೆಯ ಲ್ಯಾಪ್‌ಟಾಪು, ಕ್ಯಾಮರಾ ಎರಡೂ ನಮ್ಮಲ್ಲಿವೆ. ಕೂಟದ ಮುಂದಿನ ಕಾರ್ಯಕ್ರಮದಲ್ಲಿ ಸಿಕ್ಕಾಗ ಹೇಳಿ, ಕೊಡುತ್ತೇವೆ. ಮೂರಡಿಯ ಕೇಬಲ್ಲನ್ನೂ ಜೊತೆಗೇ ಕೊಡುತ್ತೇವೆ.