ಬೋರ್ ನೀರು ಒಲ್ಲದ ಹೂವು

ಗಾರ್ಡೇನಿಯಾ ಗಿಡ ತರಬೇಕು ಅಂದವರಿಗೆ ನಾನು ಮೊದಲು ಕೇಳುವುದು ಬಿಸಿಲಿನ ವಿಚಾರವಲ್ಲ, ಗೊಬ್ಬರದ ವಿಚಾರವೂ ಅಲ್ಲ. ನಿಮ್ಮ ಮನೆಗೆ ಬರೋದು ಯಾವ ನೀರು? ಕಾವೇರಿಯೋ, ಬೋರೋ, ಟ್ಯಾಂಕರೋ? ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರು ಮಾಲೀಕರನ್ನು ಕೇಳುವ ಪ್ರಶ್ನೆಯೂ ಇದೇ. ಮನುಷ್ಯರು ಹೇಗೋ ಹೊಂದಿಕೊಂಡುಬಿಡುತ್ತಾರೆ. ಗಾರ್ಡೇನಿಯಾ ಮಾತ್ರ ಹೊಂದಿಕೊಳ್ಳುವುದಿಲ್ಲ.

ನಮ್ಮ ಮನೆ ಹಲಸೂರಿನಲ್ಲಿ, ಅಕ್ಕನದು ಕೆ.ಆರ್. ಪುರದಲ್ಲಿ. ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಐದನೆಯ ನಿಲ್ದಾಣ. ಇಬ್ಬರೂ ಒಂದೇ ನರ್ಸರಿಯಿಂದ, ಒಂದೇ ಸಾಲಿನಲ್ಲಿದ್ದ ಗಿಡಗಳನ್ನು ತಂದೆವು. ಕುಂಡಕ್ಕೆ ತುಂಬಿದ್ದು ಅದೇ ಕೆಮ್ಮಣ್ಣು, ಅದೇ ಎರೆಗೊಬ್ಬರ. ನನ್ನ ಗಿಡದ ಎಲೆ ಎಣ್ಣೆ ಹಚ್ಚಿದಂತೆ ಕಡುಹಸಿರಾಗಿಯೇ ಉಳಿಯಿತು. ಅಕ್ಕನ ಗಿಡ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹಳದಿಗೆ ತಿರುಗಿತು.

"ಏನ್ ಹಾಕ್ತೀಯೇ ನಿನ್ ಗಿಡಕ್ಕೆ?"

"ಏನಿಲ್ಲಕ್ಕ, ನಲ್ಲಿ ನೀರು ಅಷ್ಟೆ."

"ಓಹೋ, ಇದಕ್ಕೂ ಕಾವೇರಿ ಕನೆಕ್ಷನ್ನೇ ಆಗಬೇಕಾ!"

ಅಕ್ಕ ತಮಾಷೆಗೆ ಹೇಳಿದ್ದು ನಿಜವೇ ಆಗಿತ್ತು. ಆ ಎಲೆಯನ್ನು ಹತ್ತಿರದಿಂದ ನೋಡಬೇಕು. ಕೆಳಗಿನ ಹಳೆಯ ಎಲೆಗಳು ಹಸಿರಾಗಿಯೇ ಇರುತ್ತವೆ. ಹಳದಿಯಾಗುವುದು ತುದಿಯ ಚಿಗುರು. ಅದರಲ್ಲೂ ನರಗಳು ಮಾತ್ರ ಹಸಿರಾಗಿ ಉಳಿದು, ನಡುವಿನ ಭಾಗವೆಲ್ಲ ನಿಂಬೆಹಣ್ಣಿನ ಬಣ್ಣಕ್ಕೆ ಬರುತ್ತದೆ. ಗೊಬ್ಬರ ಸಾಲದೆಂದು ಗೊಬ್ಬರ ಹಾಕುತ್ತೇವೆ, ನೀರು ಸಾಲದೆಂದು ಇನ್ನಷ್ಟು ನೀರು ಹೊಯ್ಯುತ್ತೇವೆ. ಹೊಯ್ದಷ್ಟೂ ಹಳದಿ ಹೆಚ್ಚುತ್ತದೆ.

ಗಾರ್ಡೇನಿಯಾಗೆ ಬೇಕಾದದ್ದು ಸ್ವಲ್ಪ ಹುಳಿಗುಣದ ಮಣ್ಣು. ಪಿಎಚ್ 5ರಿಂದ 6ರ ಆಸುಪಾಸಿನದು. ನಮ್ಮ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು, ಸುಣ್ಣದ ಅಂಶದ್ದು. ಗೀಸರಿನ ಕಾಯಿಲ್ ಮೇಲೆ, ಸ್ಟೀಲ್ ಬಕೆಟ್ಟಿನ ಅಂಚಿನಲ್ಲಿ ಕಟ್ಟುವ ಬಿಳಿ ಪೊರೆಯೇ ಕುಂಡದ ಬಾಯಿಗೂ ಕಟ್ಟುತ್ತದೆ. ಮಣ್ಣಿನ ಹುಳಿ ಕರಗುತ್ತಾ ಹೋದಂತೆ ಅದರೊಳಗಿನ ಕಬ್ಬಿಣ ಬೇರಿಗೆ ದಕ್ಕದ ರೂಪಕ್ಕೆ ಹೋಗಿಬಿಡುತ್ತದೆ. ಬೆಂಗಳೂರಿನ ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ. ಅಂಥ ಮಣ್ಣಿನಲ್ಲಿ ಬೇರೂರಿ ನಿಂತ ಗಿಡ ಕಬ್ಬಿಣ ಸಿಗದೆ ಸೊರಗುತ್ತದೆ. ಈ ಊರಿನಲ್ಲಿ ಮಳೆ ಸುರಿದು ರಸ್ತೆಯೆಲ್ಲ ಹೊಳೆಯಾದ ದಿನವೂ ನಲ್ಲಿ ಒಣಗಿರುವುದನ್ನು ಕಂಡವರಿಗೆ ಇದೇನೂ ವಿಚಿತ್ರ ಅನಿಸಲಿಕ್ಕಿಲ್ಲ.

ಮೂಲದಲ್ಲಿ ಇದು ಚೀನಾ ಕಡೆಯ ಗಿಡ. ಹೆಸರು ಬಂದದ್ದು ಹದಿನೆಂಟನೆಯ ಶತಮಾನದಲ್ಲಿ, ಅಮೆರಿಕದ ಚಾರ್ಲ್‌ಸ್ಟನ್ನಿನಲ್ಲಿದ್ದ ಅಲೆಕ್ಸಾಂಡರ್ ಗಾರ್ಡನ್ ಎಂಬ ವೈದ್ಯನಿಂದ, ಇಟ್ಟವನು ಜಾನ್ ಎಲ್ಲಿಸ್ ಎಂಬ ನಿಸರ್ಗಶಾಸ್ತ್ರಜ್ಞ. ನಮಗೆ ಹತ್ತಿರದ ಸಂಬಂಧವೆಂದರೆ ಇದು ಕಾಫಿಯ ಕುಟುಂಬದ್ದು. ಕಾಫಿಯಂತೆಯೇ ಹುಳಿಮಣ್ಣು, ತಂಪು, ಅರೆನೆರಳು ಇದಕ್ಕೂ ಇಷ್ಟ. ಇದೇ ಕುಲದ ಬಿಕ್ಕೆ ನಮ್ಮ ಕುರುಚಲು ಕಾಡುಗಳ ಕಲ್ಲುನೆಲದಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುತ್ತದೆ. ಕುಂಡದ ಗಾರ್ಡೇನಿಯಾ ಮಾತ್ರ ಮದುವೆಮನೆಯ ಬೀಗರ ಹಾಗೆ. ಮೊಗ್ಗು ಕಟ್ಟಿದ ಮೇಲೆ ಕುಂಡದ ಜಾಗ ಬದಲಿಸಿದರೆ ಮುನಿಸು, ಒಂದು ದಿನ ಬುಡ ಒಣಗಿದರೆ ಮುನಿಸು. ಬಾಯಿಬಿಟ್ಟು ಹೇಳುವುದಿಲ್ಲ, ಬೆಳಗಾಗುವಷ್ಟರಲ್ಲಿ ಮೊಗ್ಗುಗಳನ್ನು ಉದುರಿಸಿರುತ್ತದೆ. ಎಲೆಯ ಕಂಕುಳಲ್ಲಿ ಹಿಟ್ಟು ತಿಗಣೆ ಸೇರಿಕೊಳ್ಳುವುದೂ ಉಂಟು. ಅದಕ್ಕೆ ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿದರೆ ಸಾಕು.

ಇಷ್ಟೆಲ್ಲ ಯಾಕೆ ಸಹಿಸಬೇಕು ಅಂದರೆ, ಈ ಹೂವು ಕೊಂಡು ತರುವಂಥದ್ದಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಮಲ್ಲಿಗೆ, ಕಾಕಡ, ಕನಕಾಂಬರ ಮೊಳದ ಲೆಕ್ಕದಲ್ಲಿ ಸಿಗುತ್ತವೆ. ಗಾರ್ಡೇನಿಯಾವನ್ನು ನಾನು ಅಲ್ಲಿ ಕಂಡದ್ದಿಲ್ಲ. ಅದರ ಎಸಳು ಬೆರಳು ತಾಗಿದಲ್ಲೇ ಕಂದುಗಟ್ಟುತ್ತದೆ. ಕಟ್ಟುವ ಕೈಗೂ ಬುಟ್ಟಿಗೂ ಅದು ಬಾಳುವುದಿಲ್ಲ. ಅರಳಿದ ದಿನ ಅಚ್ಚ ಬಿಳುಪು, ಆಮೇಲೆ ಬೆಣ್ಣೆಯ ಬಣ್ಣ, ಬಾಡುವ ಹೊತ್ತಿಗೆ ಹಳದಿ. ಕತ್ತಲಾಗುತ್ತಲೇ ಪರಿಮಳ ದಟ್ಟವಾಗಿ, ಬಾಲ್ಕನಿಯ ಬಾಗಿಲು ತೆರೆದಿದ್ದರೆ ಅಡುಗೆಮನೆಯ ಒಗ್ಗರಣೆಯನ್ನೂ ಮೀರಿ ಒಳಗೆ ಬರುತ್ತದೆ. ಮೊಗ್ಗು ಕಟ್ಟಲು ಬೇಕಾದ ರಾತ್ರಿಯ ತಂಪನ್ನು ಸುಮಾರು 900 ಮೀಟರ್ ಎತ್ತರದ ಈ ಊರು ಇನ್ನೂ ಕೊಡುತ್ತಿದೆ. ಕೊಡಲಾಗದಿರುವುದು ನೀರನ್ನು.

ಹಾಗಂತ ನನ್ನ ಗಿಡದ ಹಸಿರು ನನ್ನ ಕೈಗುಣವೆಂದು ಬೀಗುವ ಹಾಗಿಲ್ಲ. ಕಾವೇರಿ ನಮ್ಮ ನಲ್ಲಿಗೆ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಹಂತಹಂತವಾಗಿ ಮೇಲೆತ್ತಿಸಿಕೊಂಡು. ನಗರದ ಅಂಚಿನ 110 ಹಳ್ಳಿಗಳು 2007ರಲ್ಲೇ ಪಾಲಿಕೆಗೆ ಸೇರಿದವು. ಅವುಗಳಿಗಾಗಿ ಮಾಡಿದ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಮಾರ್ಚಿನಲ್ಲಿ, ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಜನ ಕಾಯುತ್ತಿದ್ದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ದಂಡದ ಭಯಕ್ಕಿಂತ, ಅಕ್ಕನ ಮನೆಯಲ್ಲಿ ಅಕ್ಕಿ ತೊಳೆದ ನೀರನ್ನೂ ಎತ್ತಿಡುತ್ತಿದ್ದುದನ್ನು ನೋಡಿ ನನಗೆ ನಲ್ಲಿಗೆ ಪೈಪು ಸಿಕ್ಕಿಸಲು ಮನಸ್ಸಾಗಲಿಲ್ಲ.

ದಾರಿ ತೋರಿಸಿದ್ದು ಅಕ್ಕನೇ. ತಾರಸಿಯ ಪೈಪಿನ ಕೆಳಗೆ ಒಂದು ನೀಲಿ ಡ್ರಮ್ ಇಟ್ಟು, ಬಾಯಿಗೆ ಹಳೇ ಪಂಚೆ ಕಟ್ಟಿದಳು. ಮಳೆನೀರಿನಲ್ಲಿ ಸುಣ್ಣವಿಲ್ಲ. ಜೊತೆಗೆ ಗ್ರಂಥಿಗೆ ಅಂಗಡಿಯಿಂದ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್ ತಂದು, ಒಂದು ಲೀಟರ್ ನೀರಿಗೆ ಚಿಟಿಕೆಯಷ್ಟು ಕದಡಿ ಆಗಾಗ ಬುಡಕ್ಕೆ ಹಾಕಿದಳು. ಮಳೆಗಾಲ ಮುಗಿಯುವ ಮೊದಲೇ ತುದಿಯಲ್ಲಿ ಹಸಿರು ಚಿಗುರು ಬಂತು. ಬೇಸಿಗೆಯಲ್ಲಿ ಎಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ. ಆರ್‌ಓ ಯಂತ್ರ ಹೊರಗೆ ಬಿಡುವ ನೀರು ಮಾತ್ರ ಬೇಡ. ಯಂತ್ರ ಸೋಸಿ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ಬೆಂಗಳೂರಿನ ವರ್ಷದ ಮಳೆ ಹೆಚ್ಚುಕಡಿಮೆ 950 ಮಿಲಿಮೀಟರ್. 30x40 ಅಡಿ ಸೈಟಿನ ಅಳತೆಗೆ ಬೀಳುವ ನೀರು ಒಂದು ಲಕ್ಷ ಲೀಟರ್ ದಾಟುತ್ತದೆ. ಅದರಲ್ಲಿ ಬಹುಪಾಲು ನೇರ ಚರಂಡಿಗೆ ಹೋಗುತ್ತಿದೆ. ಗಾರ್ಡೇನಿಯಾ ತರುವವರು ದಯವಿಟ್ಟು ಗಿಡಕ್ಕಿಂತ ಮೊದಲು ಒಂದು ಡ್ರಮ್ ತನ್ನಿ. ಗಿಡ ಜೂನಿನ ಮಳೆ ಹಿಡಿದ ಮೇಲೆ ತಂದರೂ ನಡೆಯುತ್ತದೆ.