ಹಂಚಿ ಕೇಳಿದ ನಾದ

ಒಳ್ಳೆಯ ಹಾಡೊಂದನ್ನು ಕೇಳಿದವನು ಸುಮ್ಮನೆ ಕುಳಿತಿರಲಾರನು. ಒಳಮನೆಯಲ್ಲಿರುವವರನ್ನು ಕೂಗುತ್ತಾನೆ, ನೆರೆಯ ಗೆಳೆಯನನ್ನು ಕೈಹಿಡಿದು ಕರೆತರುತ್ತಾನೆ, 'ಇದನ್ನು ಕೇಳು, ಆಮೇಲೆ ಮಾತನಾಡು' ಎಂದು ಒತ್ತಾಯಪಡಿಸುತ್ತಾನೆ. ಹೋಳಿಗೆಯನ್ನು ಹಂಚಿದರೆ ತನ್ನ ಪಾಲು ಕಿರಿದಾಗುತ್ತದೆ. ರಾಗವನ್ನು ಹಂಚಿದರೆ ಹಾಗಾಗುವುದಿಲ್ಲ. ಆದರೂ ಈ ಹಂಚಿಕೆಯಲ್ಲಿ ಒಂದು ಅಳುಕು ಇದ್ದೇ ಇರುತ್ತದೆ. ತನ್ನ ಕಣ್ಣನ್ನು ತೇವಗೊಳಿಸಿದ ಸ್ವರಕ್ಕೆ ಎದುರು ಕುಳಿತವನು ಆಕಳಿಸಿಬಿಟ್ಟರೆ? ಜಗತ್ತೇ ಮೆಚ್ಚಿದ ಸಂಗೀತವಾದರೆ ಚಿಂತೆಯಿಲ್ಲ. ಯಾರೂ ಕೇಳದ ಸಂಗೀತವನ್ನು ಮೆಚ್ಚಿದವನ ಪಾಡು ಕಷ್ಟದ್ದು. ಅಂತಹ ಮೆಚ್ಚುಗೆಯನ್ನು ಹೊತ್ತು ನಡೆದ ರಸಿಕರೊಬ್ಬರು ಮೈಸೂರಿನ ಅರಮನೆಯಲ್ಲಿದ್ದರು.

1919ರಲ್ಲಿ ಜನಿಸಿದ ಜಯಚಾಮರಾಜ ಒಡೆಯರಿಗೆ ಪಿಯಾನೋ ವಾದ್ಯವೆಂದರೆ ಪ್ರಾಣ. ದೊಡ್ಡ ಸಭೆಗಳಲ್ಲಿ ನುಡಿಸುವ ಪಿಯಾನೋ ವಾದಕರಾಗಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ 1940ರ ಮಾರ್ಚಿಯಲ್ಲಿ ತಂದೆ ನರಸಿಂಹರಾಜ ಒಡೆಯರೂ ಅದೇ ವರ್ಷದ ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಇಪ್ಪತ್ತೊಂದರ ತರುಣನ ಹೆಗಲಿಗೆ ರಾಜ್ಯದ ಭಾರ ಬಿದ್ದಿತು. ಸಿಂಹಾಸನವು ಎಲ್ಲವನ್ನೂ ಕೊಡುತ್ತದೆಂದು ಜನ ಭಾವಿಸುತ್ತಾರೆ; ಅದು ಕಿತ್ತುಕೊಳ್ಳುವುದೂ ಉಂಟು. ತಾನು ನುಡಿಸುವ ಭಾಗ್ಯ ಕೈತಪ್ಪಿದ ಮೇಲೆ ಒಡೆಯರು ಕೇಳುವುದರಲ್ಲಿಯೂ ಕೇಳಿಸುವುದರಲ್ಲಿಯೂ ಮನಸ್ಸನ್ನು ಇರಿಸಿದರು. ದೇಶ ದೇಶಗಳ ಧ್ವನಿಮುದ್ರಿಕೆಗಳು ಅವರ ಸಂಗ್ರಹಕ್ಕೆ ಬಂದು ಸೇರಿದವು.

ಆ ಸಂಗ್ರಹದ ಸಂಗೀತಗಾರರಲ್ಲಿ ಅವರ ಮನಸ್ಸನ್ನು ಸೂರೆಗೊಂಡವನು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದ ಈ ರಷ್ಯನ್ ಕಲಾವಿದನು ಪ್ರಖ್ಯಾತ ರಖ್ಮಾನಿನೋವನ ಗೆಳೆಯ. ಅವನಿಂದ ಬಹುವಾಗಿ ಮೆಚ್ಚುಗೆ ಪಡೆದವನು. ಪಿಯಾನೋ ವಾದ್ಯಕ್ಕಾಗಿ ಬರೆದ ತನ್ನ ಅನೇಕ ಕಿರುಕೃತಿಗಳಿಗೆ ಅವನು 'ಕಥೆಗಳು' ಎಂದು ಹೆಸರಿಟ್ಟನು. ಅಜ್ಜಿಯೊಬ್ಬಳು ಮುಸ್ಸಂಜೆಯಲ್ಲಿ ಹೇಳುವ ಕಥೆಗಳಂತೆ ಅವು ಮೆಲ್ಲನೆ ಮೊದಲಾಗಿ ಎಲ್ಲೆಲ್ಲಿಗೋ ಕರೆದೊಯ್ಯುತ್ತವೆ. ಹೊಸ ಹೊಸ ಪ್ರಯೋಗಗಳು ಯೂರೋಪನ್ನು ಆವರಿಸುತ್ತಿದ್ದ ಕಾಲದಲ್ಲಿ ಅವನು ಹಳೆಯ ದಾರಿಯನ್ನು ಬಿಡಲೊಲ್ಲದೆ ನಡೆದನು. ಆದ್ದರಿಂದಲೇ ಜನರಿಂದ ದೂರವಾದನು. 1921ರಲ್ಲಿ ತಾಯ್ನಾಡನ್ನು ತೊರೆದವನು ಜರ್ಮನಿ, ಫ್ರಾನ್ಸ್‌ಗಳನ್ನು ಸುತ್ತಿ ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆಸಿದನು. ಎರಡನೆಯ ಮಹಾಯುದ್ಧ ಬಂದಾಗ ಜರ್ಮನಿಯಿಂದ ಬರುತ್ತಿದ್ದ ಅಲ್ಪ ಆದಾಯವೂ ನಿಂತಿತು. ಹೃದಯದ ಬೇನೆಯೂ ಜೊತೆಗೂಡಿತು.

ಇಂತಹ ಸ್ಥಿತಿಯಲ್ಲಿದ್ದ ಮುದುಕನಿಗೆ ನೆರವು ಬಂದದ್ದು ಮೈಸೂರಿನಿಂದ. 1940ರ ದಶಕದ ಕೊನೆಯ ವರ್ಷಗಳಲ್ಲಿ ಒಡೆಯರ ಧನಸಹಾಯದಿಂದ 'ಮೆಟ್ನರ್ ಸೊಸೈಟಿ' ಎಂಬ ಸಂಸ್ಥೆ ರೂಪುಗೊಂಡಿತು. ಹಣವನ್ನು ಕೊಟ್ಟು ಮನೆ ಕೊಳ್ಳೆಂದರೆ ಅದು ದಾನವಾಗುತ್ತಿತ್ತು. ಒಡೆಯರು ಹಾಗೆ ಮಾಡಲಿಲ್ಲ. 'ನಿಮ್ಮ ಸಂಗೀತವನ್ನು ನೀವೇ ನುಡಿಸಿ, ಅದು ಮುದ್ರಿತವಾಗಲಿ' ಎಂಬ ಏರ್ಪಾಡನ್ನು ಮಾಡಿದರು.

ಅಂದಿನ ಧ್ವನಿಮುದ್ರಣವು ಇಂದಿನಷ್ಟು ಸುಲಭದ್ದಾಗಿರಲಿಲ್ಲ. ತಟ್ಟೆಯು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಹನ್ನೆರಡು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ನಾಲ್ಕೈದು ನಿಮಿಷಗಳ ಸಂಗೀತ ಮಾತ್ರ ಹಿಡಿಸುತ್ತಿತ್ತು. ಅರ್ಧ ಗಂಟೆಗೆ ಮೀರಿದ ಕೃತಿಯನ್ನು ಕೇಳಬೇಕಾದರೆ ಏಳೆಂಟು ಮಗ್ಗುಲುಗಳು ಬೇಕು. ಕೇಳುಗನು ಮತ್ತೆ ಮತ್ತೆ ಎದ್ದು ತಟ್ಟೆಯನ್ನು ಮಗುಚಬೇಕು. (ಆ ತಟ್ಟೆಗಳು ಅರಗಿನಿಂದ ಆದವು, ಅರಗಾದರೋ ಬಹುಪಾಲು ಭಾರತದ ಕಾಡುಗಳಿಂದಲೇ ಹೋಗುತ್ತಿತ್ತು.) ಅರುವತ್ತೇಳರ ಮೆಟ್ನರನು 1947ರಲ್ಲಿ ಮುದ್ರಣಾಲಯವನ್ನು ಹೊಕ್ಕನು. ಲಂಡನಿನ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ತನ್ನ ಮೂರು ಪಿಯಾನೋ ಕನ್ಚರ್ಟೋಗಳನ್ನೂ ನುಡಿಸಿದನು. ಕಥೆಗಳೂ ಸೊನಾಟಾಗಳೂ ಗೀತೆಗಳೂ ಸೇರಿ ಮೂರು ಸಂಪುಟಗಳು ಹೊರಬಂದವು. ಬಳಲಿದ ಹೃದಯ, ಬಳಲದ ಬೆರಳುಗಳು!

ಒಡೆಯರ ಔದಾರ್ಯವು ಒಬ್ಬನಿಗೇ ಮೀಸಲಾಗಿರಲಿಲ್ಲ. ಫಿಲ್ಹಾರ್ಮೋನಿಯಾವನ್ನು ಕಟ್ಟಿದ ವಾಲ್ಟರ್ ಲೆಗ್ ಎಂಬುವನು 1949ರಲ್ಲಿ ಮೈಸೂರಿಗೆ ಬಂದು ಅರಮನೆಯ ಅತಿಥಿಯಾದನು. ಆ ವೃಂದಕ್ಕೆ ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳ ನೆರವು ದೊರೆಯಿತು. ಮಾರುಕಟ್ಟೆಯಲ್ಲಿ ಬೇಡಿಕೆಯಿಲ್ಲದ ಬಾಲಕಿರೆವ್, ರೂಸೆಲ್ ಮೊದಲಾದವರ ಕೃತಿಗಳೂ ಇದರಿಂದ ಮುದ್ರಿಕೆಗೆ ಬಂದವು. ಬಡವರು ತುಂಬಿದ ನಾಡಿನ ಅರಸರು ಸಿರಿವಂತ ನಗರದ ವಾದ್ಯಗಾರರಿಗೆ ಹೊನ್ನು ಸುರಿಯುವುದು ಸರಿಯೇ ಎಂದು ಕೇಳುವವರಿರಬಹುದು. ಕೇಳತಕ್ಕ ಪ್ರಶ್ನೆಯೇ ಅದು. ಸಂಗೀತದ ಸವಿಯಲ್ಲಿ ಅದನ್ನು ಮುಳುಗಿಸಿಬಿಡುವುದು ನ್ಯಾಯವಲ್ಲ. ಆದರೆ ಯುದ್ಧದಿಂದ ಕಂಗೆಟ್ಟಿದ್ದ ಆ ನಗರವು ಅಂದು ಅಷ್ಟೇನೂ ಸಿರಿವಂತವಾಗಿರಲಿಲ್ಲವೆಂಬುದನ್ನೂ ನೆನೆಯಬೇಕು.

ಇನ್ನೊಂದು ಪ್ರಸಂಗವುಂಟು. ಜರ್ಮನಿಯ ರಿಚರ್ಡ್ ಸ್ಟ್ರೌಸನು ತನ್ನ ಇಳಿವಯಸ್ಸಿನಲ್ಲಿ, 1948ರಲ್ಲಿ, ನಾಲ್ಕು ಗೀತೆಗಳನ್ನು ರಚಿಸಿ, ಮರುವರ್ಷ ತೀರಿಕೊಂಡನು. ಅವನು ಅವುಗಳನ್ನು ಸಭೆಯಲ್ಲಿ ಕೇಳಲೇ ಇಲ್ಲ. 1950ರ ಮೇ 22ರಂದು ಲಂಡನಿನ ಆಲ್ಬರ್ಟ್ ಹಾಲಿನಲ್ಲಿ ಫುರ್ಟ್‌ವೆಂಗ್ಲರನ ನಿರ್ದೇಶನದಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವುಗಳನ್ನು ಮೊದಲ ಬಾರಿಗೆ ಹಾಡಿದಳು. ಆ ಕಚೇರಿಗೆ 4,800 ಡಾಲರುಗಳ ಭರವಸೆಯಿತ್ತವರು ಒಡೆಯರು. ಅವರಿಗೂ ಅಲ್ಲಿಗೆ ಹೋಗಲಾಗಲಿಲ್ಲ. ಮುದ್ರಿತವಾದ ತಟ್ಟೆಗಳು ಹಡಗನ್ನೇರಿ ಮೈಸೂರಿಗೆ ಬಂದವು. ಸಾವಿರಾರು ಜನ ಕೇಳಿದ ಮೇಲೆ, ಕೇಳಿಸಿದವರು ಕೇಳಿದರು.

ಪಡುವಣದ ಸಂಗೀತದಲ್ಲಿ ಇಷ್ಟು ಮುಳುಗಿದವರು ಮನೆಯ ಸಂಗೀತವನ್ನು ಮರೆತರೆಂದಲ್ಲ. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಕಲಿತು, 'ಶ್ರೀವಿದ್ಯಾ' ಎಂಬ ಅಂಕಿತದಲ್ಲಿ 94 ಕೃತಿಗಳನ್ನು ಒಡೆಯರು ಸಂಸ್ಕೃತದಲ್ಲಿ ರಚಿಸಿದರು. ಅಠಾಣ ರಾಗದ ಗಣಪತಿ ಕೃತಿಯನ್ನು ಕಚೇರಿಗಳಲ್ಲಿ ಕೇಳಿದವರು ಹಲವರು. ಅದನ್ನು ರಚಿಸಿದ ಕೈ ಪಿಯಾನೋ ಮೇಲೂ ಪಳಗಿತ್ತೆಂದು ಬಲ್ಲವರು ಕೆಲವರು.

ಮೆಟ್ನರನು 1951ರ ನವೆಂಬರಿನಲ್ಲಿ ಲಂಡನಿನಲ್ಲಿ ಕಣ್ಮುಚ್ಚಿದನು. ಒಡೆಯರು ಮೈಸೂರಿನ ರಾಜಪ್ರಮುಖರೂ ಮುಂದೆ ರಾಜ್ಯಪಾಲರೂ ಆಗಿ 1974ರಲ್ಲಿ ತೀರಿಕೊಂಡರು. ಅರಗಿನ ತಟ್ಟೆಗಳು ಹಳತಾದವು. ಅವುಗಳಲ್ಲಿದ್ದ ನಾದವು ಹೊಸ ಹೊಸ ಸಾಧನಗಳಿಗೆ ದಾಟಿ ಉಳಿದುಬಂದಿದೆ. ಮೆಟ್ನರನು ತನ್ನ ಮೂರನೆಯ ಕನ್ಚರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾನೆ. ಅದನ್ನು ಕಲಿಯಬಯಸಿ ಸ್ವರಲಿಪಿಯ ಪುಸ್ತಕವನ್ನು ತೆರೆಯುವ ಪಿಯಾನೋ ವಾದಕನಿಗೆ, ಅವನು ಯಾವ ದೇಶದವನೇ ಆಗಿರಲಿ, ಮೊದಲ ಸ್ವರಕ್ಕಿಂತ ಮುಂಚೆ ಕಾಣಸಿಗುವುದು ಮೈಸೂರಿನ ಹೆಸರು.