ಧ್ವನಿಯ ಸಾಲಾವಳಿ

ಎರಡನ್ನು ಜೊತೆಗೂಡಿಸುವ ಮೊದಲು ಅವುಗಳ ಹೊಂದಿಕೆಯನ್ನು ನೋಡತಕ್ಕದ್ದೆಂಬುದು ನಮ್ಮ ಜನಕ್ಕೆ ಹೊಸ ಮಾತಲ್ಲ. ನೊಗಕ್ಕೆ ಎತ್ತುಗಳನ್ನು ಹೂಡುವ ರೈತನು ಅವುಗಳ ಎತ್ತರವನ್ನೂ ನಡಿಗೆಯನ್ನೂ ನೋಡುತ್ತಾನೆ. ಹೆಣ್ಣು ಗಂಡಿಗೆ ನಂಟು ಕೂಡಿಸುವ ಹಿರಿಯರು ಸಾಲಾವಳಿಯನ್ನು ನೋಡುತ್ತಾರೆ. ಆದರೆ ಯಂತ್ರಗಳ ವಿಷಯಕ್ಕೆ ಬಂದೊಡನೆ ಈ ವಿವೇಕವನ್ನೆಲ್ಲ ಬದಿಗಿಟ್ಟು, ಅಂಗಡಿಯವನು ಹೇಳಿದ ದೊಡ್ಡ ಅಂಕಿಗೆ ಮರುಳಾಗುವುದು ವಾಡಿಕೆಯಾಗಿಬಿಟ್ಟಿದೆ.

ನನ್ನ ತಂಗಿಯ ಮಗನು ಈಚೆಗೆ ಒಂದು ಸಣ್ಣ ಉದ್ಯೋಗಕ್ಕೆ ಕೈಹಾಕಿದನು. ಮದುವೆಯ ಹಿಂದಿನ ಸಂಜೆ, ಹುಟ್ಟುಹಬ್ಬ, ಕಾಲೇಜಿನ ವಾರ್ಷಿಕೋತ್ಸವ ಮೊದಲಾದ ಸಂದರ್ಭಗಳಿಗೆ ಸ್ಪೀಕರುಗಳನ್ನೂ ಬಣ್ಣದ ದೀಪಗಳನ್ನೂ ವ್ಯಾನಿನಲ್ಲಿ ಹೇರಿಕೊಂಡು ಹೋಗಿ, ಕುಣಿಯುವವರಿಗೆ ಹಾಡು ಹಾಕುವ ಕೆಲಸ ಅದು. ಸಂಚಾರಿ ಡಿಸ್ಕೊ ಎಂದರೆ ತಪ್ಪಾಗದು. ಆಂಪ್ಲಿಫೈಯರು ಒಡಲಿನಲ್ಲಿಯೇ ಅಡಗಿರುವ ಸ್ಪೀಕರುಗಳು ಈಗ ಬೇಕಾದಷ್ಟು ಬಂದಿವೆ. ಅವನು ಅಗ್ಗವಾಗಿ ಕೊಂಡ ಎರಡು ಮಾತ್ರ ಹೊರಗಿನಿಂದ ಶಕ್ತಿಯನ್ನು ಬೇಡುವ ಜಾತಿಯವು. ಮೂವತ್ತು ವರ್ಷ ಭೌತಶಾಸ್ತ್ರದ ಪಾಠ ಹೇಳಿದವನೆಂಬ ಕಾರಣದಿಂದ, ಅವುಗಳಿಗೆ ತಕ್ಕ ಆಂಪ್ಲಿಫೈಯರನ್ನು ಗೊತ್ತುಮಾಡುವ ಭಾರ ನನ್ನ ಮೇಲೆ ಬಿತ್ತು. ಹಣವು ನನ್ನ ತಂಗಿಯದು. ಹೊಲಿಗೆಯಿಂದ ಬಂದುದನ್ನು ತಿಂಗಳು ತಿಂಗಳೂ ಚೀಟಿಗೆ ಕಟ್ಟಿ ಕೂಡಿಸಿದ್ದು. ಅದನ್ನು ಎರಡನೆಯ ಸಲ ಕೂಡಿಸುವುದು ಸುಲಭವಾಗಿರಲಿಲ್ಲ.

ಸ್ಪೀಕರಿನ ಬೆನ್ನಿನ ಮೇಲೆ ೨೫೦, ೫೦೦, ೧೦೦೦ ವ್ಯಾಟ್ ಎಂದು ಮೂರು ಅಂಕಿಗಳಿದ್ದುವು. ಇವು ಮೂರು ಸಾಮರ್ಥ್ಯಗಳಲ್ಲ. ಒಂದೇ ಸಾಮರ್ಥ್ಯವನ್ನು ಮೂರು ಬಗೆಯಾಗಿ ಹೇಳಿದ್ದು. ಗಂಟೆಗಟ್ಟಲೆ ಎಡೆಬಿಡದೆ ತಾಳಬಲ್ಲುದು ೨೫೦. ಏರಿಳಿಯುವ ಸಂಗೀತದಲ್ಲಿ ೫೦೦. ಕಣ್ಣುಮಿಟುಕುವಷ್ಟು ಹೊತ್ತು ೧೦೦೦. ಅಂಗಡಿಯಲ್ಲಿ ಗಟ್ಟಿಯಾಗಿ ಕೇಳಿಬರುವುದು ಕೊನೆಯ ಅಂಕಿ. ಕೊಳ್ಳುವವನು ಲೆಕ್ಕಕ್ಕೆ ಹಿಡಿಯಬೇಕಾದದ್ದು ಮೊದಲಿನದು.

ಅದರ ಪಕ್ಕದಲ್ಲಿ ೮ ಓಂ ಎಂದು ಬರೆದಿತ್ತು. ಇದು ಸ್ಪೀಕರು ವಿದ್ಯುತ್ತಿಗೆ ಒಡ್ಡುವ ತಡೆ. ಎರಡು ಸ್ಪೀಕರುಗಳನ್ನು ಆಂಪ್ಲಿಫೈಯರಿನ ಒಂದೇ ಬಾಯಿಗೆ ಸಮಾನಾಂತರವಾಗಿ ಕಟ್ಟಿದರೆ ತಡೆ ೪ ಓಂಗೆ ಇಳಿಯುತ್ತದೆ; ನಾಲ್ಕನ್ನು ಕಟ್ಟಿದರೆ ೨ಕ್ಕೆ. ತಡೆ ಇಳಿದಷ್ಟೂ ಹರಿವು ಹೆಚ್ಚಿ ಆಂಪ್ಲಿಫೈಯರು ಕಾಯುತ್ತದೆ. ಆದುದರಿಂದ ಒಂದೊಂದು ಬಾಯಿಗೆ ಒಂದೊಂದೇ ಸ್ಪೀಕರು ಎಂದು ಗೊತ್ತುಮಾಡಿ, ೮ ಓಂಗೆ ಎಷ್ಟು ವ್ಯಾಟ್ ದೊರೆಯುವುದೆಂಬುದನ್ನೇ ನೋಡಿದೆವು. ಜಾಹೀರಾತಿನಲ್ಲಿ ದೊಡ್ಡದಾಗಿ ಅಚ್ಚಾಗಿರುವ ಅಂಕಿಯು ಅನೇಕ ವೇಳೆ ೨ ಅಥವಾ ೪ ಓಂಗೆ ಸಂಬಂಧಿಸಿದ್ದಾಗಿರುತ್ತದೆ.

ಈಗ ಮುಖ್ಯ ಪ್ರಶ್ನೆ. ೨೫೦ ವ್ಯಾಟಿನ ಸ್ಪೀಕರಿಗೆ ೧೦೦ ವ್ಯಾಟಿನ ಆಂಪ್ಲಿಫೈಯರೇ ಕ್ಷೇಮವಲ್ಲವೆ? ಬಡವನಿಂದ ಬಲವಂತನಿಗೇನು ಕೇಡು? ನನ್ನ ತಂಗಿಯೂ ಹೀಗೆಯೇ ಕೇಳಿದಳು. ಮೇಲ್ನೋಟಕ್ಕೆ ಅವಳ ಮಾತೇ ಸರಿ. ಆದರೆ ಸಂಗತಿ ಹಾಗಲ್ಲ. ಸ್ಪೀಕರಿನ ಒಳಗಿರುವುದು ಅಯಸ್ಕಾಂತದ ನಡುವೆ ತೂಗಿಬಿಟ್ಟ ತಂತಿಯ ಸುರುಳಿ, ಅದಕ್ಕೆ ಅಂಟಿದ ಒಂದು ಶಂಕು. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ೧೯೨೫ರಲ್ಲಿ ವಿವರಿಸಿದ ಕ್ರಮವೇ ಇಂದಿಗೂ ನಡೆದುಬಂದಿದೆ. ಕೊಟ್ಟ ವಿದ್ಯುತ್ತಿನಲ್ಲಿ ನಾದವಾಗುವುದು ಅಲ್ಪಾಂಶ. ಉಳಿದುದೆಲ್ಲ ಸುರುಳಿಯಲ್ಲಿ ಶಾಖವಾಗುತ್ತದೆ. ಕುಣಿತದ ಕಾವೇರಿ ಜನರು ಇನ್ನೂ ಜೋರು ಎಂದು ಕೂಗಿದಾಗ ಕೈಯು ತಾನಾಗಿ ತಿರುಗುಗುಂಡಿಯ ಕಡೆಗೆ ಹೋಗುತ್ತದೆ. ಸಣ್ಣ ಆಂಪ್ಲಿಫೈಯರು ತನ್ನ ಮಿತಿಯನ್ನು ಮೀರಲಾರದೆ ಅಲೆಯ ತಲೆಯನ್ನು ಕತ್ತರಿಸಿಬಿಡುತ್ತದೆ. ಹೀಗೆ ಪೂರ್ತಿಯಾಗಿ ತಲೆ ಚಪ್ಪಟೆಯಾದ ಅಲೆಯಲ್ಲಿ, ಅದೇ ಎತ್ತರದ ನುಣುಪಾದ ಅಲೆಯಲ್ಲಿರುವುದರ ಎರಡರಷ್ಟು ಶಕ್ತಿಯಿರುತ್ತದೆ. ಮೂಲದಲ್ಲಿಲ್ಲದ ತಾರಸ್ವರಗಳೂ ಹುಟ್ಟುತ್ತವೆ. ಅವು ಹೋಗಿ ಸೇರುವುದು ಟ್ವೀಟರಿನ ಕೂದಲೆಳೆಯಂಥ ಸುರುಳಿಗೆ. ಅದು ಸುಟ್ಟುಹೋಗುತ್ತದೆ. ಬಡವನು ಬಡವನಾಗಿದ್ದುದರಿಂದಲ್ಲ, ಶಕ್ತಿಮೀರಿ ದುಡಿಸಲ್ಪಟ್ಟುದರಿಂದ ಕೇಡಾಯಿತು.

ಹಾಗೆಂದು ಅತಿ ದೊಡ್ಡದನ್ನು ತರುವುದೂ ಜಾಣತನವಲ್ಲ. ಅದು ಅಲೆಯನ್ನು ಕತ್ತರಿಸದೆಯೇ ಸುರುಳಿಯನ್ನು ಸುಡಬಲ್ಲುದು. ಬಲ್ಲವರು ಸಾಮಾನ್ಯವಾಗಿ ಹೇಳುವುದು, ಸ್ಪೀಕರಿನ ಮೊದಲ ಅಂಕಿಯ ಒಂದೂವರೆಯಿಂದ ಎರಡರಷ್ಟು ಇರಲಿ ಎಂದು. ನಮ್ಮ ಲೆಕ್ಕಕ್ಕೆ ಅದು ೩೭೫ರಿಂದ ೫೦೦. ಬಾಯಿಗೆ ೪೫೦ ವ್ಯಾಟ್ ಕೊಡುವ ಒಂದನ್ನು ನಾನು ಗುರುತು ಮಾಡಿದೆನು. ಹುಡುಗನಿಗೆ ಅದು ರುಚಿಸಲಿಲ್ಲ. ಪಕ್ಕದ ಊರಿನ ತಂಡದವರಲ್ಲಿ ೯೦೦ ವ್ಯಾಟಿನದು ಇದೆಯೆಂದೂ, ಅದಿಲ್ಲದೆ ಜನರು ತನ್ನನ್ನು ಕರೆಯರೆಂದೂ ವಾದಿಸಿದನು. ಹೊಟ್ಟೆಪಾಡಿನ ಮಾತಾದ್ದರಿಂದ ಅದನ್ನು ತಳ್ಳಿಹಾಕುವಂತಿರಲಿಲ್ಲ. ಇಬ್ಬರೂ ಕುಳಿತು ಲೆಕ್ಕ ಹಾಕಿದೆವು.

ವ್ಯಾಟ್ ಎರಡರಷ್ಟಾದರೆ ಧ್ವನಿಯು ಏರುವುದು ೩ ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರೆನಿಸಬೇಕಾದರೆ ಸುಮಾರು ೧೦ ಡೆಸಿಬೆಲ್ ಏರಬೇಕು, ಎಂದರೆ ಹತ್ತರಷ್ಟು ವ್ಯಾಟ್ ಬೇಕು. ಅವನ ಸ್ಪೀಕರು ೧ ವ್ಯಾಟಿಗೆ ೧ ಮೀಟರು ದೂರದಲ್ಲಿ ೯೭ ಡೆಸಿಬೆಲ್ ನುಡಿಯುವಂಥದು. ಸರಾಸರಿ ೫೦ ವ್ಯಾಟ್ ಕೊಟ್ಟರೆ ೧೧೪ ಆಯಿತು. ಬಯಲಿನಲ್ಲಿ ದೂರವು ಇಮ್ಮಡಿಯಾದಾಗಲೆಲ್ಲ ೬ ಡೆಸಿಬೆಲ್ ಇಳಿಯುತ್ತದೆ. ೮ ಮೀಟರಿನಲ್ಲಿ ೯೬, ಎರಡು ಸ್ಪೀಕರುಗಳಿಂದ ೯೯. ಸಭಾಂಗಣದಲ್ಲಾದರೆ ಗೋಡೆಗಳು ಹಿಂದಿರುಗಿಸುವುದರಿಂದ ಇನ್ನೂ ಹೆಚ್ಚು. ಇಷ್ಟಕ್ಕೆ ೫೦ ವ್ಯಾಟ್ ಸಾಕಾದ ಮೇಲೆ ಉಳಿದ ೪೦೦ ಏತಕ್ಕೆಂದರೆ, ಮದ್ದಳೆಯ ಪೆಟ್ಟಿನಂತೆ ಕ್ಷಣಮಾತ್ರ ಎದ್ದು ಬೀಳುವ ಶಿಖರಗಳಿಗಾಗಿ. ಅದು ಖರ್ಚುಮಾಡುವ ಹಣವಲ್ಲ, ಕಣಜದ ಕಾಳು.

ಈ ೯೯ ಎಂಬ ಅಂಕಿಯ ಮುಂದೆ ನಾನು ಸ್ವಲ್ಪ ಹೊತ್ತು ತಡೆದೆನು. ನನ್ನ ತಂದೆಯವರು ಇಪ್ಪತ್ತು ವರ್ಷ ಒಂದು ನೂಲಿನ ಗಿರಣಿಯಲ್ಲಿ ದುಡಿದವರು. ಅರವತ್ತು ದಾಟುವಷ್ಟರಲ್ಲಿ ಅವರಿಗೆ ಮೊಮ್ಮಕ್ಕಳ ತೊದಲು ಕೇಳಿಸದಾಯಿತು. ಮನೆಯಲ್ಲಿ ಎಲ್ಲರೂ ನಕ್ಕಾಗ ಅವರು ನಮ್ಮ ಮುಖಗಳನ್ನು ನೋಡಿ, ಒಂದು ಗಳಿಗೆ ತಡವಾಗಿ ನಗುತ್ತಿದ್ದರು. ೮೫ ಡೆಸಿಬೆಲ್ಲನ್ನು ದಿನಕ್ಕೆ ೮ ಗಂಟೆ ತಾಳಬಹುದಾದರೆ, ೩ ಡೆಸಿಬೆಲ್ ಏರಿದಾಗಲೆಲ್ಲ ಆ ಹೊತ್ತು ಅರ್ಧವಾಗುತ್ತ ಬರುತ್ತದೆಂಬುದು ಉದ್ಯೋಗಸ್ಥಳಗಳ ಆರೋಗ್ಯವನ್ನು ಕುರಿತವರ ಗಣನೆ. ೧೦೦ಕ್ಕೆ ಉಳಿಯುವುದು ೧೫ ನಿಮಿಷ. ಮನರಂಜನೆಯ ಸ್ಥಳಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಹಾಕಿಕೊಟ್ಟ ಮೇಲೆಲ್ಲೆಯೂ ಸರಾಸರಿ ೧೦೦ ಡೆಸಿಬೆಲ್ಲೇ. ಮದುವೆಯ ಮನೆಯಲ್ಲಿ ಕುಣಿಯುವವರು ಮಾತ್ರ ಇರುವುದಿಲ್ಲ. ಮುಂದಿನ ಸಾಲಿನಲ್ಲಿ ಅಜ್ಜಿಯಂದಿರಿರುತ್ತಾರೆ, ಅವರ ತೊಡೆಯ ಮೇಲೆ ಎಳೆಗೂಸುಗಳಿರುತ್ತವೆ. ಎದ್ದುಹೋಗುವ ಸ್ವಾತಂತ್ರ್ಯ ಅವರಿಗಿಲ್ಲ.

ಹುಡುಗನಿಗೆ ಇದನ್ನು ಉಪದೇಶವಾಗಿ ಹೇಳಲಿಲ್ಲ. ಅವನ ತಾತನ ಕಥೆಯಾಗಿ ಹೇಳಿದೆನು. ಅವನು ೪೫೦ರದನ್ನೇ ಕೊಂಡನು. ಉಳಿದ ಹಣದಲ್ಲಿ ೨.೫ ಚದರ ಮಿಲಿಮೀಟರಿನ ತಾಮ್ರದ ತಂತಿಯೂ, ಸ್ಪೀಕರುಗಳನ್ನು ತಲೆಗಿಂತ ಎತ್ತರಕ್ಕೆ ನಿಲ್ಲಿಸುವ ಕಾಲುಗಳೂ ಬಂದುವು. ಎತ್ತರಿಸಿದ ಸ್ಪೀಕರು ಹಿಂದಿನವರಿಗೂ ಮುಟ್ಟುತ್ತದೆ, ಮುಂದಿನವರ ಕಿವಿಗೂ ನೇರವಾಗಿ ಬಡಿಯುವುದಿಲ್ಲ. ಆಂಪ್ಲಿಫೈಯರಿನಲ್ಲಿರುವ ಲಿಮಿಟರನ್ನು ಕಟ್ಟಿ, ಅಲ್ಲಿಂದ ಮುಂದಕ್ಕೆ ಶಕ್ತಿಯು ಹೋಗದಂತೆ ಮಾಡಿದೆವು. ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ೧೦ರಿಂದ ಬೆಳಗಿನ ೬ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಸಾಮಾನ್ಯವಾಗಿ ಹಾಕಕೂಡದಷ್ಟೆ. ಅದನ್ನು ಅವನು ಕರಾರಿನ ಕಾಗದದಲ್ಲಿಯೇ ಬರೆಯಿಸಿಕೊಳ್ಳುತ್ತಾನೆ.

ಬಲ್ಲಿದನು ಬಲವನ್ನು ಹಿಡಿದಿಟ್ಟುಕೊಂಡರೆ ಮಾತ್ರ ಜೋಡಿ ಬಾಳುತ್ತದೆ. ಹಿಡಿದಿಡುವ ಕೆಲಸ ಯಂತ್ರದಿಂದ ಅರ್ಧ ನಡೆದೀತು. ಮಿಕ್ಕ ಅರ್ಧ ಗುಂಡಿಯ ಮೇಲಿರುವ ಕೈಯದು. ಆ ಕೈಗೆ ಪ್ರಾಯ ಇಪ್ಪತ್ತಮೂರು. ಜನರು ಇನ್ನೂ ಜೋರು ಎಂದು ಈಗಲೂ ಕೂಗುತ್ತಾರೆ. ಅಂಥ ವೇಳೆಯಲ್ಲಿ ಅವನು ಹಾಡನ್ನು ಬದಲಾಯಿಸುತ್ತಾನಂತೆ. ಹೆಚ್ಚು ಜನಕ್ಕೆ ಬೇಕಾಗಿದ್ದುದು ಅದೇ ಆಗಿರುತ್ತದೆ ಎನ್ನುತ್ತಾನೆ.